ಹನ್ನೆರಡು ಸಾವಿರ ಲೀಟರ್

ಎರಡು ಬಂದವು ಹಡಗಿನ ಹೊಟ್ಟೆಯಿಂದ,
ಮಾಗಿದ ನಿಂಬೆಯ ಬಣ್ಣ, ಒಂದೊಂದಕ್ಕೆ ಆರು ಚಕ್ರ.
ಜೆಟ್ಟಿ ನರಳಿದ್ದು ಫುನಾಫುಟಿಗೆಲ್ಲ ಕೇಳಿಸಿತು.
ಪಾದ್ರಿಯ ಪ್ರಾರ್ಥನೆ ಎಷ್ಟು ಉದ್ದವೆಂದರೆ
ಚಕ್ರದ ನೆರಳಲ್ಲಿ ಕೂತ ಮಕ್ಕಳು
ನೆರಳಿನ ಜೊತೆ ಮೂರು ಸಲ ಸರಿದು ಕೂತರು.

ಹಳೆಯ ಗಾಡಿಗೆ ಅಜ್ಜಿ ಎಂದೇ ಹೆಸರು.
ಬಾಗಿಲಿಗೆ ತೆಂಗಿನ ನಾರಿನ ಹಗ್ಗ,
ತೊಟ್ಟಿಗೆ ತೇಪೆಯ ಮೇಲೆ ತೇಪೆ; ಗಂಟಲು ಮಾತ್ರ ಗಟ್ಟಿ.
ವಿಮಾನದ ದಿನ ಅವಳು ಒಮ್ಮೆ ಕೂಗಿದರೆ
ರನ್‌ವೇ ಮೇಲಿನ ಫುಟ್ಬಾಲು, ಹಂದಿ, ಬಿಸಿಲಿಗೆ ಹಾಕಿದ ಚಾಪೆ,
ಜಗಳವಾಡುತ್ತ ನಡೆಯುತ್ತಿದ್ದ ಗಂಡ ಹೆಂಡತಿ,
ಎಲ್ಲ ಬದಿಗೆ.
ವಿಮಾನ ಬಂದು ಹೋದಮೇಲೆ ಮತ್ತೆ ಆಟ,
ಜಗಳವೂ, ಬಿಟ್ಟ ಮಾತಿನಿಂದಲೇ.

ಹೊಸವುಗಳ ಸೈರನ್ನು ಬಲು ಸಭ್ಯ.
ಹಂದಿಗಳು ಒಂದು ಕಿವಿ ಎತ್ತಿ ಮತ್ತೆ ಮಲಗಿದವು.
ಹೀಗಾಗಿ ಅಜ್ಜಿ ಇನ್ನೂ ಕೆಲಸದಲ್ಲಿದ್ದಾಳೆ,
ಬರೀ ಕೂಗಲಿಕ್ಕೆ.

ಕಲಿಸಲು ಸುವಾದಿಂದ ಬಂದ ವೈಸಾಲೆ ಹೇಳಿದ:
ಮೂರು ನಿಮಿಷದೊಳಗೆ ಬೆಂಕಿಯ ಬಳಿ ಇರಬೇಕು.
ಈ ತುದಿಯಿಂದ ಆ ತುದಿಗೆ ನಮಗೆ ಎರಡೇ ಸಾಕು.
ಮಿಕ್ಕ ಒಂದು ನಿಮಿಷ ಏನು ಮಾಡೋದು, ಕೇಳಿದ ಸೆಮೇಸೆ.
ಹೆದರು, ಎಂದ ವೈಸಾಲೆ. ನಗಲಿಲ್ಲ.
ಇನ್ನೊಂದು ಹೇಳಿದ, ಬರೆಸಿ ಗೋಡೆಗೆ ಅಂಟಿಸಿದ:
ತೊಟ್ಟಿ ಸದಾ ತುಂಬಿರಬೇಕು.
ಕಡಿಮೆಯಾದರೆ ವಿಮಾನ ಇಳಿಯುವುದಿಲ್ಲ,
ಇಲ್ಲೇ ಮೇಲೆ ಒಂದು ಸುತ್ತು ಹಾಕಿ
ಔಷಧಿ, ಅಂಚೆ, ಯಾರದೋ ಮಗಳು,
ಎಲ್ಲವನ್ನೂ ಹೊತ್ತು ಬಂದ ದಾರಿಗೇ ಸುಂಕವಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು, ನಿಜ.
ಇಲ್ಲಿ ಬೆಂಕಿಗೆ ಮೊದಲು ತೋಡಿದರೂ
ಮೊಣಕಾಲುದ್ದಕ್ಕೆ ಸಿಗುವುದು ಕಡಲು.
ನಮ್ಮ ಬಾವಿ ಎಂದರೆ ಆಕಾಶ.
ಅದು ಆಗಸ್ಟಿನಿಂದ ಮುಚ್ಚಿತ್ತು.

ಮನೆಗೆ ದಿನಕ್ಕೆ ಎರಡು ಬಕೆಟ್ಟು.
ರಾತ್ರಿ ಸೆಕೆಗೆ ಊರೇ ರನ್‌ವೇ ಮೇಲೆ ಮಲಗುವಾಗ
ಕೂಸುಗಳ ಒಣಕೆಮ್ಮು ಈ ತುದಿಯಿಂದ ಆ ತುದಿಗೆ
ಎರಡು ನಿಮಿಷಕ್ಕೂ ಮೊದಲೇ ತಲುಪುತ್ತಿತ್ತು.
ನಾನು ಕಾವಲಿದ್ದೆ. ಹನ್ನೆರಡು ಸಾವಿರ ಲೀಟರ್.
ಲೆಕ್ಕ ಹಾಕಬಾರದಿತ್ತು, ಹಾಕಿದೆ: ಆರುನೂರು ಬಕೆಟ್ಟು.
ಬೆಂಕಿಗಾದರೆ, ಪೂರ್ತಿ ತೆರೆದರೆ,
ಎರಡು ನಿಮಿಷದ ಕೂಳು.

ಅತ್ತೆ ಲುಪೆಲೆಲೆ ಬಂದಳು, ಖಾಲಿ ಬಕೆಟ್ಟು ಕೈಯಲ್ಲಿ.
ಕೇಳಲಿಲ್ಲ. ಕೇಳುವವಳಲ್ಲ.
ಎಳನೀರು ಬಲಿತಿದೆಯೇ ಎಂದು ನೋಡುವ ಹಾಗೆ
ಬೆರಳ ಗೆಣ್ಣಿನಿಂದ ತೊಟ್ಟಿಗೆ ಎರಡು ಸಲ ತಟ್ಟಿದಳು,
ತಲೆ ವಾಲಿಸಿ ಆಲಿಸಿದಳು.
ತುಂಬಿದ್ದು ತುಳುಕಲಿಲ್ಲ.
ಹೋದಳು.

ಗೋಡೆಯ ಕಾಗದದಲ್ಲಿ ಹನ್ನೊಂದನೆಯ ಸಾಲು:
ತಿಂಗಳಿಗೊಮ್ಮೆ ನೀರು ಚಿಮ್ಮಿಸಿ ನೋಡತಕ್ಕದ್ದು.
ಕಡಲ ಕಡೆಗೆ, ಎಂದು ಬರೆದಿರಲಿಲ್ಲ.
ಚೆಲ್ಲಿದ್ದನ್ನು ಮತ್ತೆ ತುಂಬಲು
ಉಪ್ಪು ಕಳೆಯುವ ಯಂತ್ರದ ಮೇಲೆ ಮೊದಲ ಹಕ್ಕು ನಮ್ಮದು,
ಅದು ಹನ್ನೆರಡನೆಯ ಸಾಲು.

ಬುಧವಾರ ಬೆಳಗ್ಗೆ
ರನ್‌ವೇಯ ಪಡುವಣ ಅಂಚಿನಲ್ಲಿ ಅದು ಹೇಗೋ
ಬಕೆಟ್ಟು, ಬೋಗುಣಿ, ಟಾರ್ಪಾಲು, ಮಗುಚಿದ್ದ ದೋಣಿ ಈಗ ಮಲ್ಲಗೆ.
ನೊರೆಯ ತೊಟ್ಟಿ ಬೇರೆ. ಮುಚ್ಚಿದೆಯೇ ಎಂದು ಎರಡು ಸಲ ನೋಡಿದೆ.
ಸೆಮೇಸೆ ಗಾಳಿಗೆ ಬೆರಳೊಡ್ಡಿದ. ಮೂತಿ ತಿರುಗಿಸಿದ.

ಇಪ್ಪತ್ತು ಸೆಕೆಂಡು.
ಮಕ್ಕಳು ಚೀರಿದ್ದರಲ್ಲಿ ಅಜ್ಜಿಯೂ ಸೋತಳು.
ಅತ್ತೆ ಬಕೆಟ್ಟು ಒಡ್ಡುವುದ ಮರೆತು
ಮುಖ ಮೇಲೆತ್ತಿ, ಕಣ್ಣು ಮುಚ್ಚಿ ನಿಂತುಬಿಟ್ಟಳು.

ವರದಿಯಲ್ಲಿ ಬರೆದೆ: ಪರೀಕ್ಷೆ ತೃಪ್ತಿಕರ.
ಗಾಳಿ, ಪಡುವಣಕ್ಕೆ.
ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಮಧ್ಯಾಹ್ನ ವಿಮಾನ ಬರುವ ಹೊತ್ತಿಗೆ ತೊಟ್ಟಿ ತುಂಬಿತ್ತು.
ಬೆಳ್ಳಿ ಅಂಗಿ ತೊಟ್ಟು ನಿಂತೆ, ಒಳಗೆ ಬೆವರ ಕಾಲುವೆ.
ಅಜ್ಜಿ ಕೂಗಿದಳು. ಹಂದಿಗಳು ಎದ್ದವು.
ಚಕ್ರ ನೆಲ ಮುಟ್ಟುವ ತನಕ
ಪ್ರತಿಸಲದ ಹಾಗೆ ಬೇಡಿಕೊಂಡೆ:
ಇಷ್ಟೊಂದು ನೀರು
ದಂಡವಾಗಿ ಹೋಗಲಿ.